ಅಳಿವೆ ದಾಟುವ ಬಾರ್ಜಿನಿಂದ ಡಾಲ್ಫಿನ್, ಕಡಲಹಕ್ಕಿ ನೋಡಲು ಸಾಧ್ಯವೇ? ದಾವಣಗೆರೆ–ಚಿತ್ರದುರ್ಗದವರ ಅನುಭವ ತಿಳಿಸಿ

ಬಾತಿಕೆರೆ ವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಉತ್ತರ ಕನ್ನಡದ ಒಂದು ಕಡಲತೀರಕ್ಕೆ ಹೋಗಿದ್ದೆ. ಡಾಲ್ಫಿನ್ ತೋರಿಸುತ್ತೇವೆಂದು ಬೋಟಿನವರೊಬ್ಬರು ಹೇಳಿದ್ದರಿಂದ ಐದು ಜನರಿಗೆ ಹಣ ಕಟ್ಟಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹತ್ತಿದೆವು. ಹೊರಟ ಕಾಲು ಗಂಟೆಯಲ್ಲಿ ದೂರದಲ್ಲೊಂದು ಬೂದು ಬಣ್ಣದ ಬೆನ್ನು ಕಂಡಿತು. ಅದನ್ನು ಕಂಡ ಕೂಡಲೇ ನಮ್ಮ ಬೋಟು ಮಾತ್ರವಲ್ಲ, ಸುತ್ತಮುತ್ತಲಿದ್ದ ಇನ್ನೂ ನಾಲ್ಕು ಬೋಟುಗಳು ಎಂಜಿನ್ನಿನ ವೇಗ ಏರಿಸಿ ಅದೇ ಜಾಗಕ್ಕೆ ನುಗ್ಗಿದವು. ಆಮೇಲೆ ನಮಗೆ ಕಂಡದ್ದು ನೊರೆ, ಡೀಸೆಲ್ ಹೊಗೆ ಮತ್ತು ನನ್ನ ಮಗಳ ವಾಂತಿ. ಬೆಳಿಗ್ಗೆ ಅವಳು ತಿಂದಿದ್ದ ಬೆಣ್ಣೆದೋಸೆಯ ತಪ್ಪು ಅದರಲ್ಲಿ ಎಷ್ಟಿತ್ತೋ, ಅಲೆಯ ತಪ್ಪು ಎಷ್ಟಿತ್ತೋ ಹೇಳಲಾರೆ.

ಇಷ್ಟಾದರೂ ನನಗೆ ಆಸೆ ಹೋಗಿಲ್ಲ. ಇಂಥ ವಿಹಾರದ ಬೋಟುಗಳ ಬದಲು, ಊರಿನ ಜನ ದಿನನಿತ್ಯ ಹೊಳೆ ದಾಟಲು ಬಳಸುವ ಬಾರ್ಜು, ದೋಣಿಗಳಲ್ಲಿ ಕುಳಿತು ಡಾಲ್ಫಿನ್ ಮತ್ತು ಕಡಲಹಕ್ಕಿಗಳನ್ನು ನೋಡಬಹುದೆಂದು ಸ್ನೇಹಿತರೊಬ್ಬರು ಹೇಳಿದರು. ಅದು ನಿಜವೇ? ಯಾವ ತಿಂಗಳು, ಯಾವ ಹೊತ್ತು ಸರಿ? ಸಮುದ್ರದಿಂದ ಇಷ್ಟು ದೂರವಿರುವ ನಾವು ಊರಿನಲ್ಲಿದ್ದುಕೊಂಡೇ ಕಣ್ಣು ಪಳಗಿಸಿಕೊಳ್ಳಲು ದಾರಿಯಿದೆಯೇ? ಸೂಳೆಕೆರೆಯ ಏರಿಯ ಮೇಲಿಂದ, ಇಂಗ್ಲಿಷಿನಲ್ಲಿ ಗಲ್ ಎನ್ನುವ ಬೆಳ್ಳನೆಯ ಕಡಲಕ್ಕಿಗಳು ನೀರಿನ ಮೇಲೆ ಹಾರಾಡುವುದನ್ನು ನಾನು ಹಲವು ಸಲ ನೋಡಿದ್ದೇನೆ, ಆದ್ದರಿಂದ ತೀರ ಹೊಸಬನೂ ಅಲ್ಲ.

ತದಡಿಯಲ್ಲಿ ಆರು ವರ್ಷ, ಮೂಲ ಹೊಸದುರ್ಗ

ನೌಕರಿಯ ಕಾರಣದಿಂದ ಆರು ವರ್ಷ ಕುಮಟಾ ತಾಲ್ಲೂಕಿನಲ್ಲಿದ್ದವನು ನಾನು. ತದಡಿಗೂ ಎದುರು ದಡದ ಅಘನಾಶಿನಿ ಊರಿಗೂ ನಡುವೆ ಹೊಳೆ ದಾಟುವುದು ಆ ದಿನಗಳಲ್ಲಿ ನನಗೆ ನಮ್ಮೂರಿನ ಬಸ್ ನಿಲ್ದಾಣಕ್ಕೆ ಹೋಗಿ ಬಂದಷ್ಟೇ ಸಾಮಾನ್ಯವಾಗಿತ್ತು. ನಿಮ್ಮ ಸ್ನೇಹಿತರು ಹೇಳಿದ್ದು ನಿಜ, ಆದರೆ ಅರ್ಧ ಮಾತ್ರ. ಒಂದು ಸಲ ದಾಟಿದವನಿಗೆ ಏನೂ ಕಾಣದಿರಬಹುದು. ಅದೇ ದಾರಿಯನ್ನು ಬೆಳಿಗ್ಗೆ ಮೂರು ಸಲ, ಸಂಜೆ ಎರಡು ಸಲ ದಾಟುವವನಿಗೆ ಕಾಣುತ್ತದೆ. ಟಿಕೆಟ್ಟಿನ ದರ ಹೇಗೂ ಅಲ್ಪ, ಬೋಟಿನವರು ಯಾವ ಪ್ರಾಣಿಯನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ, ದಿನವೂ ಅದೇ ಗೆರೆಯಲ್ಲಿ ಹೋಗಿ ಬರುತ್ತಾರೆ. ಆ ಗೆರೆಗೆ ಅಲ್ಲಿನ ಜೀವಿಗಳು ಒಗ್ಗಿಹೋಗಿರುತ್ತವೆ ಎಂಬುದು ನನ್ನ ಅನುಭವ.

ಅಳಿವೆಯಲ್ಲಿ ನಿಮಗೆ ಕಾಣುವುದು ಬಹುಮಟ್ಟಿಗೆ ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ಇದು ಆಳದ ಪ್ರಾಣಿಯಲ್ಲ. ದಡಕ್ಕೆ ಹತ್ತಿರ, ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ಅದರಲ್ಲೂ ನದಿ ಸಮುದ್ರ ಸೇರುವ ಕಡೆಗಳಲ್ಲಿ ಮೀನು ಹಿಡಿದು ಬದುಕುತ್ತದೆ. ಬೆನ್ನಿನ ರೆಕ್ಕೆಯ ಬುಡದಲ್ಲಿ ಉದ್ದನೆಯ ಗೂನು ಇರುವುದರಿಂದ ಹೆಸರು ಹಾಗೆ ಬಂದಿದೆ. ಮೇಲೆ ಬರುವಾಗ ಮೊದಲು ಉದ್ದನೆಯ ಮೂತಿ ಕಾಣುತ್ತದೆ, ಆಮೇಲೆ ಗೂನು, ಬೆನ್ನು ಬಾಗಿ ಮುಳುಗುವಾಗ ಕೆಲವೊಮ್ಮೆ ಬಾಲ. ಸಿನಿಮಾಗಳಲ್ಲಿ ತೋರಿಸುವಂತೆ ಬೋಟಿನ ಮುಂದೆ ಹಾರಿ ಕುಣಿಯುವ ಸ್ವಭಾವ ಇದಕ್ಕಿಲ್ಲ. ಸಂಕೋಚದ ಪ್ರಾಣಿ, ಬೋಟು ಮೇಲೆ ಬಿದ್ದರೆ ಮುಳುಗಿ ಬೇರೆ ದಿಕ್ಕಿಗೆ ಹೋಗುತ್ತದೆ. ನಿಮ್ಮ ಡಿಸೆಂಬರಿನ ಪ್ರಸಂಗದಲ್ಲಿ ಆದದ್ದು ಅದೇ. ಒಮ್ಮೆ ಮುಳುಗಿದರೆ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಉಸಿರಿಗೆ ಮೇಲೆ ಬರಲೇಬೇಕು, ಏಕೆಂದರೆ ಅದು ಮೀನಲ್ಲ, ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಆದ್ದರಿಂದ ಒಂದು ಬೆನ್ನು ಕಂಡ ಜಾಗವನ್ನೇ ದಿಟ್ಟಿಸದೆ, ಅದು ಸಾಗುತ್ತಿದ್ದ ದಿಕ್ಕಿನಲ್ಲಿ ಸ್ವಲ್ಪ ಮುಂದಕ್ಕೆ ಕಣ್ಣು ಹಾಯಿಸಿ ಕಾಯಬೇಕು.

ಹೊತ್ತಿನ ಬಗ್ಗೆ ಹೇಳುವುದಾದರೆ, ಮಧ್ಯಾಹ್ನ ಹನ್ನೆರಡಕ್ಕೆ ಹೊರಟದ್ದೇ ಮೊದಲ ತಪ್ಪು. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತಿರುತ್ತದೆ, ನೀರು ಎಣ್ಣೆ ಸವರಿದಂತೆ ನಯವಾಗಿರುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸತೊಡಗಿ, ಸಣ್ಣ ಸಣ್ಣ ಬಿಳಿಯ ನೊರೆತೆರೆಗಳು ಏಳುತ್ತವೆ. ಆಮೇಲೆ ಪ್ರತಿಯೊಂದು ನೊರೆಯೂ ಡಾಲ್ಫಿನ್ನಿನಂತೆಯೇ ಕಾಣುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಳಿಗ್ಗೆ ಏಳರಿಂದ ಒಂಬತ್ತೂವರೆಯ ಒಳಗೆ, ಸೂರ್ಯ ಬೆನ್ನಿಗಿರುವ ಬದಿಯಲ್ಲಿ ನಿಂತುಕೊಳ್ಳಿ. ಉಬ್ಬರ–ಇಳಿತದ ವೇಳೆಯನ್ನೂ ನೋಡಿಕೊಳ್ಳಿ. ಉಬ್ಬರದ ನೀರು ಒಳಕ್ಕೆ ನುಗ್ಗುವಾಗ ಮೀನುಗಳೂ ಅಳಿವೆಯೊಳಗೆ ಬರುತ್ತವೆ, ಅವುಗಳ ಬೆನ್ನಿಗೇ ಇವೂ ಬರುತ್ತವೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೀಗಾಗಿ ನಿನ್ನೆ ಎಂಟಕ್ಕೆ ಕಂಡವನು ಇಂದೂ ಎಂಟಕ್ಕೇ ಬಂದು ನಿಂತರೆ ಲೆಕ್ಕ ತಪ್ಪುತ್ತದೆ.

ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಹೊಳೆಯ ಹೂಳು, ಸಿಹಿನೀರು, ಉಪ್ಪುನೀರು ಎಲ್ಲವೂ ಅಳಿವೆಯಲ್ಲಿ ತಡೆಯಿಲ್ಲದೆ ಬೆರೆಯುವುದರಿಂದಲೇ ಅಲ್ಲಿ ಚಿಪ್ಪು, ಸಿಗಡಿ, ಮೀನು ಸಮೃದ್ಧ. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಅದೇ ಸಲ ನಮ್ಮ ಕಡೆಯ ಅಂಕಸಮುದ್ರವೂ, ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು.

ಮಂಡಕ್ಕಿ ಭಟ್ಟಿ ಹುಡುಗ, ದಾವಣಗೆರೆ

ಹಿರಿಯರ ಮಾತಿನ ನಡುವೆ ನಾನೊಂದು ಸುಲಭೋಪಾಯ ಹೇಳುತ್ತೇನೆ. ನಾವು ಗೆಳೆಯರು ಹೋದಾಗ ಒಂದು ಚೀಲ ಮಂಡಕ್ಕಿ ಒಯ್ದಿದ್ದೆವು. ಬೋಟಿನ ಹಿಂಬದಿಯಿಂದ ಎರಡು ಹಿಡಿ ಎರಚಿದ ಕೂಡಲೇ ನೂರಾರು ಕಡಲಕ್ಕಿಗಳು ತಲೆಯ ಮೇಲೆಯೇ ಬಂದವು. ದುರ್ಬೀನು, ಉಬ್ಬರ, ಪಂಚಾಂಗ ಯಾವುದೂ ಬೇಕಾಗಲಿಲ್ಲ. ಫೋಟೋಗಳೂ ಚೆನ್ನಾಗಿ ಬಂದವು. ಹಕ್ಕಿಗೂ ಊಟ, ನಮಗೂ ನೋಟ.

ಮಾರಿಕಣಿವೆ ಮೇಡಂ, ಹಿರಿಯೂರು

ತಮ್ಮಾ, ನಿನ್ನ ಮಂಡಕ್ಕಿಯ ಮೇಲೆ ನನಗೆ ದ್ವೇಷವಿಲ್ಲ, ಸಂಜೆ ನಾನೂ ಮಿರ್ಚಿಯ ಜೊತೆ ತಿನ್ನುವವಳೇ. ಆದರೆ ಕಡಲಕ್ಕಿಗೆ ಹಾಕಬೇಡ. ಮೀನು, ಸಿಗಡಿ, ಏಡಿ ತಿಂದು ಬದುಕುವ ಹಕ್ಕಿಯ ಹೊಟ್ಟೆಯನ್ನು ಗಾಳಿ ತುಂಬಿದ ಅಕ್ಕಿಯಿಂದ ತುಂಬಿಸಿದರೆ ಹಸಿವು ಅಡಗುತ್ತದೆಯೇ ಹೊರತು ಪೋಷಣೆಯಾಗುವುದಿಲ್ಲ. ಚಳಿಗಾಲಕ್ಕೆ ಬರುವ ಕಂದುತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಇಳಿದು ಬರುವ ಹಕ್ಕಿ. ವಸಂತದಲ್ಲಿ ಅಷ್ಟು ದೂರ ಮರಳಿ ಹಾರಬೇಕಾದ ದೇಹಕ್ಕೆ ಕೊಬ್ಬು ಬೇಕು. ಮಂಡಕ್ಕಿಗೆ ಮುತ್ತಿಕೊಂಡ ಹಕ್ಕಿಗಳು ಪ್ರೊಪೆಲ್ಲರಿನ ಹತ್ತಿರ ಇಳಿಯುವ ಅಪಾಯವೂ ಇದೆ. ಇನ್ನು ನೋಟದ ವಿಷಯ: ಎರಚಿದ್ದಕ್ಕೆ ಬರುವುದು ಕಡಲಕ್ಕಿ ಮಾತ್ರ. ಜೀವಂತ ಮೀನನ್ನೇ ಹಿಡಿಯುವ ರೀವಗಳು, ಅಂದರೆ ಟರ್ನ್ ಹಕ್ಕಿಗಳು, ನಿನ್ನ ಚೀಲದ ಕಡೆ ತಿರುಗಿಯೂ ನೋಡುವುದಿಲ್ಲ, ಅಂದರೆ ಅಂದು ನೀನು ಕಂಡದ್ದು ಅಲ್ಲಿದ್ದುದರಲ್ಲಿ ಒಂದು ಪಾಲು.

ಇಲ್ಲಿಂದ ಬಾತಿಕೆರೆಯವರ ಸೂಳೆಕೆರೆ ಕಡಲಕ್ಕಿಗೆ ಬರುತ್ತೇನೆ. ನೀವು ಬರೆದ ರೀತಿ ನೋಡಿದರೆ ಅವು ಕಡಲಕ್ಕಿಗಳಲ್ಲ, ರೀವಗಳು. ಬೇಸರ ಮಾಡಿಕೊಳ್ಳಬೇಡಿ, ಈ ತಪ್ಪನ್ನು ನಾನೂ ಬಹಳ ಕಾಲ ಮಾಡಿದ್ದೇನೆ. ಕಡಲಕ್ಕಿಯ ಮೈ ದಪ್ಪ, ರೆಕ್ಕೆ ಅಗಲ. ಹಾರಿ ದಣಿದರೆ ಬಾತುಕೋಳಿಯಂತೆ ನೀರಿನ ಮೇಲೆ ಕುಳಿತು ತೇಲುತ್ತದೆ. ಸತ್ತದ್ದು, ಬಿದ್ದದ್ದು, ಬೋಟಿನವರು ಎಸೆದದ್ದು, ಏನಾದರೂ ಅದಕ್ಕೆ ಆಗುತ್ತದೆ. ರೀವ ಸಪೂರ, ರೆಕ್ಕೆ ಕತ್ತಿಯಂತೆ ಚೂಪು, ಬಾಲ ಕವಲು. ಹಾರುವಾಗ ಕೊಕ್ಕನ್ನು ನೀರಿನ ಕಡೆ ಬಾಗಿಸಿಕೊಂಡೇ ಇರುತ್ತದೆ, ಮೀನು ಕಂಡರೆ ಮೇಲಿನಿಂದ ಎರಗುತ್ತದೆ, ನೀರಿನ ಮೇಲೆ ಕುಳಿತುಕೊಳ್ಳುವುದು ಅಪರೂಪ. ಹಳದಿ ಕೊಕ್ಕು, ಕರಿ ಟೊಪ್ಪಿಗೆ, ಉದ್ದನೆಯ ಕವಲುಬಾಲ ಇದ್ದರೆ ನದಿ ರೀವ. ಚಳಿಗಾಲದಲ್ಲಿ ಮಾಸಲು ಬಿಳಿಯಾಗಿ, ಚಿಕ್ಕದಾಗಿ, ನೀರನ್ನು ಸವರಿಕೊಂಡು ಹೋಗುವಂಥದ್ದು ಬಹುತೇಕ ಮೀಸೆ ರೀವ.

ಈ ಭೇದವನ್ನು ಸೂಳೆಕೆರೆಯಲ್ಲಿ, ನಮ್ಮ ವಾಣಿವಿಲಾಸ ಸಾಗರದಲ್ಲಿ ಕಲಿತರೆ ಕಡಲಿಗೆ ಹೋದಾಗ ಅರ್ಧ ಕೆಲಸ ಮುಗಿದಂತೆ. ಭದ್ರಾ ಜಲಾಶಯವಂತೂ ಇದಕ್ಕೆ ಪಾಠಶಾಲೆಯೇ ಸರಿ. ನೀರು ಇಳಿದಂತೆ ಲಕ್ಕವಳ್ಳಿಯ ಹಿನ್ನೀರಿನಲ್ಲಿ ಕಲ್ಲುದಿಣ್ಣೆಗಳು ಮೇಲೇಳುತ್ತವೆ, ಅವುಗಳ ಬರಿನೆಲದ ಮೇಲೆಯೇ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿ ಬೋಟಿನಿಂದ ನೋಡಿ ಅಭ್ಯಾಸ ಮಾಡಿದರೆ ಅಲುಗಾಡುವ ನೆಲೆಯ ಮೇಲೆ ದುರ್ಬೀನು ಹಿಡಿಯುವ ಹದವೂ ಬರುತ್ತದೆ. ಮೊಟ್ಟೆಯಿರುವ ದಿಣ್ಣೆಗೆ ಬೋಟನ್ನು ತೀರ ಹತ್ತಿರ ಒಯ್ಯಲು ಮಾತ್ರ ಯಾರನ್ನೂ ಒತ್ತಾಯಿಸಬಾರದು. ತಾಯಿಹಕ್ಕಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಡ.

ಮರಡಿಹಳ್ಳಿ ಮೇಷ್ಟ್ರು, ಚಿತ್ರದುರ್ಗ

ಅಳಿವೆಯ ಬಾರ್ಜಿಗೆ ಹೆದರುವವರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೊಡ್ಡ ಬೋಟಿನಿಂದ ಆರಂಭಿಸಬಹುದು. ದಾರಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು, ಗರುಡ, ದೊಡ್ಡ ಜುಟ್ಟಿನ ರೀವ ಕಾಣಸಿಗುತ್ತವೆ. ಕೊನೆಯದರ ಕೊಕ್ಕು ನಿಂಬೆಹಳದಿ, ಅದರ ಚಿಕ್ಕ ಸೋದರನ ಕೊಕ್ಕು ಕಿತ್ತಳೆ; ಬೆಳಕು ಸರಿಯಿದ್ದರೆ ಇಷ್ಟರಿಂದಲೇ ಬೇರ್ಪಡಿಸಬಹುದು. ಮಳೆಗಾಲದಲ್ಲಿ ದ್ವೀಪದ ಬೋಟು ನಿಲ್ಲುತ್ತದೆ.

ವಿಷಯಾಂತರವಾದರೂ ಒಂದು ಮಾತು ಹೇಳದಿರಲಾರೆ. ಆ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ನಮ್ಮ ಮರಡಿಹಳ್ಳಿಯ ದಿಂಬುಗಲ್ಲುಗಳು ಅದಕ್ಕಿಂತಲೂ ಬಹಳ ಹಳೆಯವು, ಸುಮಾರು 250 ಕೋಟಿ ವರ್ಷದವು. ಲಾವಾ ನೀರಿನೊಳಗೆ ಉಕ್ಕಿ ತಣಿದರೆ ಮಾತ್ರ ಆ ದಿಂಬಿನ ಆಕಾರ ಬರುತ್ತದೆ. ದುರ್ಗದವರಿಗೆ ಸಮುದ್ರವೆಲ್ಲಿಯದು ಎಂದು ನಗುವವರಿಗೆ ನಾನು ಕೊಡುವ ಉತ್ತರ ಇದು.

ದುರ್ಬೀನಿನ ಬಗ್ಗೆ ಯಾರೂ ಬರೆದಿಲ್ಲ. ಬೋಟಿನ ಮೇಲೆ ಹತ್ತು ಪಟ್ಟಿನದಕ್ಕಿಂತ ಎಂಟು ಪಟ್ಟಿನದೇ ಲೇಸು, ಏಕೆಂದರೆ ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಮೂರುಕಾಲಿನ ದೂರದರ್ಶಕವನ್ನು ಮನೆಯಲ್ಲೇ ಬಿಡಿ. ಗುಂಪಿನಲ್ಲಿದ್ದಾಗ ಬೋಟಿನ ಮೂತಿಯನ್ನು ಗಡಿಯಾರದ ಹನ್ನೆರಡು ಎಂದು ಇಟ್ಟುಕೊಂಡು, "ಎರಡು ಗಂಟೆಯ ಕಡೆ ಬೆನ್ನು" ಎಂದು ಕೂಗಿದರೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗುತ್ತದೆ. "ಅಗೋ ಅಲ್ಲಿ, ಅಲ್ಲಿ" ಎನ್ನುವಷ್ಟರಲ್ಲಿ ಡಾಲ್ಫಿನ್ ಮುಳುಗಿರುತ್ತದೆ.

ವಿದ್ಯಾನಗರದ ಓದುಗಿ, ದಾವಣಗೆರೆ

ಅಳಿವೆ ಮತ್ತು ಆಳ ಸಮುದ್ರ ಎರಡು ಬೇರೆ ಲೋಕಗಳೆಂಬುದನ್ನು ಸೇರಿಸಲು ಬಯಸುತ್ತೇನೆ. ಎರಡು ವರ್ಷದ ಹಿಂದೆ ಪ್ರವೇಶಪತ್ರ ಮಾಡಿಸಿಕೊಂಡು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿದ್ದೆ. ಬಂದರಿನ ಬಾಯಿ ದಾಟುವವರೆಗೆ ಗೂನುಬೆನ್ನಿನ ಡಾಲ್ಫಿನ್‌ಗಳು, ಗರುಡಗಳು. ಮರುದಿನ ಬೆಳಗಾಗುವ ಹೊತ್ತಿಗೆ ಎಲ್ಲವೂ ಬದಲಾಗಿತ್ತು. ನೀರು ಕಡುನೀಲಿಯಾಗಿತ್ತು, ಒಂದೇ ಒಂದು ಕಡಲಕ್ಕಿಯೂ ಇರಲಿಲ್ಲ. ಹಾರುಮೀನುಗಳು ಹಡಗಿನ ಪಕ್ಕದಿಂದ ಚಿಮ್ಮಿ, ನೀರಿಗೆ ಅಂಟಿಕೊಂಡಂತೆ ತೇಲಿ ಹೋಗುತ್ತಿದ್ದವು. ಅಲ್ಲಿ ಕಂಡ ಡಾಲ್ಫಿನ್ ಬುಗುರಿ ಡಾಲ್ಫಿನ್, ಸ್ಪಿನ್ನರ್ ಎಂದು ಕರೆಯುವ ಜಾತಿ. ಅದು ನೀರಿನಿಂದ ನೆಗೆದು ಮೈಯನ್ನು ಉದ್ದಕ್ಕೆ ಗಿರಗಿರನೆ ತಿರುಗಿಸಿಕೊಂಡು ಬೀಳುವುದನ್ನು ನೋಡಿದಾಗ ಪಕ್ಕದಲ್ಲಿ ನಿಂತಿದ್ದ ಅಪರಿಚಿತರ ಭುಜವನ್ನು ನಾನು ಹಿಡಿದುಕೊಂಡಿದ್ದೆನೆಂದು ಆಮೇಲೆ ತಿಳಿಯಿತು.

ಕವರತ್ತಿಯ ಹತ್ತಿರ ಪಕ್ಷಿಪಿಟ್ಟಿ ಎಂಬ ಪುಟ್ಟ ಮರಳದಿಬ್ಬವಿದೆ. ಮನುಷ್ಯವಾಸವಿಲ್ಲದ ಆ ದಿಬ್ಬದಲ್ಲಿ ಮಸಿ ಬಣ್ಣದ ರೀವಗಳೂ ನಾಡ್ಡಿ ಎಂಬ ಕಂದು ರೀವಗಳೂ ಗೂಡು ಮಾಡುತ್ತವೆ. ಇವು ಆಳ ಕಡಲಿನಲ್ಲೇ ಬಾಳುವ ಹಕ್ಕಿಗಳು, ಅಳಿವೆಯಲ್ಲಿ ಕಾದು ಕುಳಿತರೆ ಸಿಗುವಂಥವಲ್ಲ.

ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಪ್ಪು ಹಕ್ಕಿಯನ್ನು ನಾನು ಇನ್ನೂ ನೋಡಿಲ್ಲ. ಅದರಲ್ಲಿ ವಿಲ್ಸನ್ ಎಂಬ ಜಾತಿಯದು ಅಂಟಾರ್ಕ್ಟಿಕದ ಕಡೆ ಮರಿ ಮಾಡಿ, ಅಲ್ಲಿ ಚಳಿಗಾಲವಾದಾಗ ಅರಬ್ಬಿ ಸಮುದ್ರದವರೆಗೂ ಬರುತ್ತದೆ, ಕಾಲುಗಳಿಂದ ನೀರಿನ ಮೇಲೆ ನಡೆದಂತೆ ತಟ್ಟುತ್ತಾ ಆಹಾರ ಹೆಕ್ಕುತ್ತದೆ. ಆದರೆ ಅದು ಬರುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮುಂಗಾರು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಬೋಟುಗಳೂ ದಡದಲ್ಲೇ ಇರುತ್ತವೆ. ಮೇಡಂ, ಈ ಹಕ್ಕಿಗಳು ತಿಂಗಳುಗಟ್ಟಲೆ ಕುಡಿಯುವ ನೀರಿಗೆ ಏನು ಮಾಡುತ್ತವೆ?

ಮಾರಿಕಣಿವೆ ಮೇಡಂ, ಹಿರಿಯೂರು

ಸಮುದ್ರದ ನೀರನ್ನೇ ಕುಡಿಯುತ್ತವಮ್ಮ. ಅವುಗಳ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅವು ಸೋಸಿ ಗಟ್ಟಿ ಉಪ್ಪುನೀರಾಗಿ ಮೂಗಿನ ಹೊಳ್ಳೆಯಿಂದ ಹೊರಹಾಕುತ್ತವೆ. ದಡದಲ್ಲಿ ಕುಳಿತ ಕಡಲಕ್ಕಿ ಆಗಾಗ ತಲೆ ಕೊಡವುವುದನ್ನು ಕಂಡಿದ್ದರೆ, ಅದು ಕೊಕ್ಕಿನ ತುದಿಯ ಆ ಹನಿಯನ್ನು ಉದುರಿಸುತ್ತಿರಬಹುದು. ನೀನು ಹೇಳಿದ ಪೆಟ್ರೆಲ್ಲಿನಲ್ಲಿ ಹೊಳ್ಳೆಗಳು ಕೊಕ್ಕಿನ ಮೇಲೆ ಸಣ್ಣ ಕೊಳವೆಯಂತೆಯೇ ಬೆಳೆದಿರುತ್ತವೆ.

ಹರಿಹರದ ಹೊಳೆಬದಿ

ಇಲ್ಲಿ ಎಲ್ಲರೂ ಬೋಟಿನವರನ್ನು ದೂರುವುದೇ ಆಯಿತು. ವರ್ಷದಲ್ಲಿ ಮಳೆಗಾಲ ಕಳೆದು ಉಳಿದ ಕೆಲವೇ ತಿಂಗಳು ದುಡಿಯುವ ಅವರಿಗೆ, ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್ ಕೊಡಿ ಎಂದು ಜಗಳ ತೆಗೆಯುವವರು ನಮ್ಮಂಥ ಘಟ್ಟದ ಮೇಲಿನ ಪ್ರವಾಸಿಗರೇ. ಹತ್ತಿರ ಹೋಗಿ ಎಂದು ಕೂಗುವವರೂ ನಾವೇ.

ತದಡಿಯಲ್ಲಿ ಆರು ವರ್ಷ, ಮೂಲ ಹೊಸದುರ್ಗ

ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನಗೆ ಡಾಲ್ಫಿನ್ ನೋಡುವುದನ್ನು ಕಲಿಸಿದವರೂ ಒಬ್ಬ ವಯಸ್ಸಾದ ತಾಂಡೇಲರೇ, ಅಂದರೆ ಬೋಟು ನಡೆಸುವವರೇ. ರೀವಗಳು ಒಂದೆಡೆ ಗುಂಪುಗೂಡಿ ಎರಗುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ, ಹಿಂಡಿದ್ದರೆ ಅದನ್ನು ಕೆಳಗಿನಿಂದ ಒತ್ತುವ ಯಾರೋ ಇರಬಹುದು, ಆದ್ದರಿಂದ ಮೊದಲು ಆಕಾಶ ನೋಡು, ಆಮೇಲೆ ನೀರು ನೋಡು ಎಂದು ಅವರು ಹೇಳುತ್ತಿದ್ದರು. ಬಾಡಿಗೆ ಬೋಟಿನಲ್ಲಿ ಹೋಗುವುದಾದರೆ ಹತ್ತುವ ಮೊದಲೇ ಮಾತಾಡಿಕೊಳ್ಳಿ: ಕಾಣದಿದ್ದರೂ ಪೂರ್ತಿ ಹಣ ಕೊಡುತ್ತೇವೆ, ಕಂಡರೆ ದೂರದಲ್ಲೇ ವೇಗ ತಗ್ಗಿಸಿ, ಅಡ್ಡ ಹಾಕಬೇಡಿ, ಅವು ಹೋಗುವ ದಿಕ್ಕಿಗೆ ಪಕ್ಕಪಕ್ಕದಲ್ಲಿ ಮೆಲ್ಲಗೆ ಸಾಗಿದರೆ ಸಾಕು. ಹೀಗೆ ಹೇಳಿದಾಗ ನಿರಾಳವಾದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ಬೋಟು ಡಾಲ್ಫಿನ್‌ನಿಂದ ಕನಿಷ್ಠ 50 ಮೀಟರ್, ತಿಮಿಂಗಿಲದಿಂದ 100 ಮೀಟರ್ ದೂರವಿರಬೇಕೆಂದಿದೆ. ನಾವೂ ಆ ಅಳತೆಯನ್ನು ಇಟ್ಟುಕೊಳ್ಳಬಹುದು. ನಮ್ಮಲ್ಲಿ ಡಾಲ್ಫಿನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮರಿಯನ್ನು ಆ ಬದಿಗೆ ಸರಿಸಿ ತಾಯಿ ನಡುವೆ ಬಂದರೆ, ಅಥವಾ ಮುಳುಗಿದವು ಮೊದಲಿಗಿಂತ ಬಹಳ ಹೊತ್ತು ಮೇಲೆ ಬರದಿದ್ದರೆ, ನಿಮ್ಮಿಂದ ತೊಂದರೆಯಾಗಿದೆ ಎಂದೇ ತಿಳಿದು ದೂರ ಸರಿಯಿರಿ.

ಬಾತಿಕೆರೆಯವರ ಮಗಳಿಗೆ: ಹೊಟ್ಟೆ ತೀರ ಖಾಲಿಯೂ ಬೇಡ, ಎಣ್ಣೆ–ಬೆಣ್ಣೆಯೂ ಬೇಡ, ಎರಡು ಇಡ್ಲಿ ಸಾಕು. ಬೋಟಿನ ನಡುಭಾಗದಲ್ಲಿ ಗಾಳಿಗೆ ಮುಖ ಕೊಟ್ಟು ಕುಳಿತು, ಮೊಬೈಲು ನೋಡದೆ, ದಿಗಂತದ ಗೆರೆಯನ್ನೇ ನೋಡಲಿ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ, ಹೊರಡುವುದಕ್ಕೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆಯೂ ಹೊರಗೇ ಹೋಗುತ್ತದೆ.

ಬಾತಿಕೆರೆ ವಾಸಿ, ದಾವಣಗೆರೆ

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಮೊದಲು ಎರಡು ಭಾನುವಾರ ಸೂಳೆಕೆರೆಗೆ ಹೋದೆ. ಮೇಡಂ ಹೇಳಿದ್ದೇ ಸರಿ, ಒಂದೂ ನೀರಿನ ಮೇಲೆ ಕುಳಿತುಕೊಳ್ಳಲಿಲ್ಲ, ಎಲ್ಲವೂ ಮೀಸೆ ರೀವಗಳೇ. ಇಷ್ಟು ವರ್ಷ ಬಂದವರಿಗೆಲ್ಲ ಕಡಲಕ್ಕಿ ಎಂದು ತೋರಿಸಿದ್ದೆ.

ಆಮೇಲೆ ಹಾವೇರಿ, ಶಿರಸಿ, ದೇವಿಮನೆ ಘಟ್ಟದ ದಾರಿಯಲ್ಲಿ ಕುಮಟಾಕ್ಕೆ ಇಳಿದು, ಮರುದಿನ ಬೆಳಿಗ್ಗೆ ಏಳಕ್ಕೆ ಮಗಳೊಂದಿಗೆ ಹೊಳೆ ದಾಟಲು ನಿಂತೆ. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಮರಳದಿಬ್ಬದ ಮೇಲೆ ಕಂದುತಲೆಯ ಕಡಲಕ್ಕಿಗಳ ದೊಡ್ಡ ಗುಂಪು. ಚಳಿಗಾಲದಲ್ಲಿ ಅವುಗಳ ತಲೆ ಕಂದಾಗಿರುವುದೇ ಇಲ್ಲ, ಕಣ್ಣಿನ ಹಿಂದೆ ಒಂದು ಮಸಿಚುಕ್ಕೆ ಮಾತ್ರ ಇರುತ್ತದೆಂದು ಆಗ ತಿಳಿಯಿತು. ರೆಕ್ಕೆಯ ಕಪ್ಪು ತುದಿಯಲ್ಲಿ ಕನ್ನಡಿಯಂತಹ ಬಿಳಿ ಗುರುತು ಹಾರಿದಾಗ ಸ್ಪಷ್ಟವಾಗಿ ಕಂಡಿತು. ನಾಲ್ಕನೆಯ ಸಲ ದಾಟುವಾಗ ಮಗಳು "ಹತ್ತು ಗಂಟೆ" ಎಂದು ಕೂಗಿದಳು, ಪಕ್ಕದಲ್ಲಿ ಬುಟ್ಟಿ ಹಿಡಿದಿದ್ದ ಅಮ್ಮನವರು ತಮ್ಮ ಗಡಿಯಾರ ನೋಡಿಕೊಂಡರು. ಮೂರು ಬೆನ್ನುಗಳು, ಒಂದರ ಹಿಂದೆ ಒಂದು, ಗೂನು ಸಮೇತ. ಎಂಜಿನ್ನಿನ ಸದ್ದಿನ ನಡುವೆಯೂ "ಫುಸ್" ಎಂಬ ಉಸಿರು ಕೇಳಿಸಿತು. ಬಾರ್ಜಿನಲ್ಲಿದ್ದ ಬೇರೆ ಯಾರೂ ತಲೆ ಎತ್ತಲಿಲ್ಲ.

ಒಂದು ಸಂದೇಹ ಉಳಿದಿದೆ. ವಾಪಸ್ ಬರುವಾಗ ಅಳಿವೆಯ ಹೊರಗಡೆ, ಕಪ್ಪಗೆ ನುಣ್ಣಗಿದ್ದ ಏನೋ ಒಂದು ಟ್ಯೂಬು ಉರುಳಿದಂತೆ ಮೇಲೆ ಬಂದು ಹೋಯಿತು. ಮೂತಿ ಇಲ್ಲ, ಬೆನ್ನಿನ ಮೇಲೆ ರೆಕ್ಕೆಯೂ ಇಲ್ಲ, ನೀರು ಕಲಕಿದ್ದೂ ಇಲ್ಲ. ಆಮೆಯೇ?

ತದಡಿಯಲ್ಲಿ ಆರು ವರ್ಷ, ಮೂಲ ಹೊಸದುರ್ಗ

ನಿಮ್ಮ ವರ್ಣನೆಗೆ ಹೆಚ್ಚು ಹೊಂದುವುದು ಆಮೆಯಲ್ಲ, ರೆಕ್ಕೆಯಿಲ್ಲದ ಪಾರ್ಪಾಯಿಸ್. ಡಾಲ್ಫಿನ್ನಿನ ದೂರದ ಬಂಧು, ಅದಕ್ಕಿಂತ ಚಿಕ್ಕದು, ದುಂಡು ತಲೆ, ಬೆನ್ನು ಬೋಳು. ಸದ್ದಿಲ್ಲದೆ ಬಂದು ಹೋಗುವುದರಿಂದ ದಿನವೂ ಅಲ್ಲೇ ದಾಟುವವರ ಕಣ್ಣಿಗೂ ಬೀಳುವುದಿಲ್ಲ. ಅದರ ದೇಹವನ್ನು ಜನ ಹೆಚ್ಚಾಗಿ ನೋಡುವುದು ಬಲೆಗೆ ಸಿಕ್ಕಿ ಸತ್ತ ಮೇಲೆ ದಡದಲ್ಲಿ. ಆದರೆ ಒಂದೇ ಸಲ, ಒಂದೇ ಕ್ಷಣ ನೋಡಿದ್ದರಿಂದ ನಿಮ್ಮ ಪುಸ್ತಕದಲ್ಲಿ ಹೊತ್ತು, ಜಾಗ, ಆಕಾರ ಇಷ್ಟನ್ನೇ ಬರೆದು ಹೆಸರಿನ ಜಾಗವನ್ನು ಖಾಲಿ ಬಿಡಿ. ಮುಂದಿನ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದಿರುತ್ತದೆ, ಆಗ ನಾನೂ ಎರಡು ದಿನ ರಜೆ ಹಾಕಿ ಬರುತ್ತೇನೆ.

ಮಂಡಕ್ಕಿ ಭಟ್ಟಿ ಹುಡುಗ, ದಾವಣಗೆರೆ

ಸರ್, ನನಗೂ ಒಂದು ಸೀಟು ಹಿಡಿಯಿರಿ. ಮಂಡಕ್ಕಿ ತರುತ್ತೇನೆ, ಆದರೆ ಬಾರ್ಜು ಹತ್ತುವ ಮೊದಲೇ ನಾವೇ ತಿಂದು ಮುಗಿಸೋಣ.